ಟಾರ್ಪಾಲ್ ಹೊಲಿದ ಕೈಗೆ ಹಾಯಿ ಹೊಲಿಯಲು ಬರುತ್ತದಾ?

ಪ್ರಶ್ನೆ: ನಮ್ಮದು ಹಾಸನ. ಅಪ್ಪ ಮೂವತ್ತು ವರ್ಷದಿಂದ ಲಾರಿ ಟಾರ್ಪಾಲ್, ಕಾಫಿ ಕಣದ ಟಾರ್ಪಾಲ್ ಹೊಲಿಯುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಅಂಗಡಿಯಲ್ಲೇ ಇದ್ದೇನೆ. ಕಾರವಾರದ ಕೌಂಡಿನ್ಯ ಹಡಗಿನ ವಿಡಿಯೋ ನೋಡಿದಾಗಿನಿಂದ ದೋಣಿಯ ಹಾಯಿ ಹೊಲಿಯುವುದನ್ನು ಕಲಿಯಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಸಮುದ್ರವೇ ಇಲ್ಲದ ಊರಲ್ಲಿ ಇದು ಆಗುವ ಮಾತಾ ಸರ್? ನಮ್ಮ ಮೆಷಿನ್ ಸಾಕಾ? ಎಲ್ಲಿಂದ ಶುರು ಮಾಡಲಿ? ಕಲಿತರೆ ಹೊಟ್ಟೆ ತುಂಬುತ್ತದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕಂದ್ರೆ ನಿಮ್ಮ ತಂದೆಯವರು ಕೇಳುವುದೂ ಅದನ್ನೇ. ಬರೀ ಹಾಯಿ ಹೊಲಿದು ಹಾಸನದಲ್ಲಿ ಹೊಟ್ಟೆ ತುಂಬುವುದಿಲ್ಲ. ಮುಂಬೈ, ಗೋವಾದಲ್ಲೇ ಕಷ್ಟ. ಆದರೆ ಹಾಯಿ ಹೊಲಿಯಲು ಕಲಿತ ಕೈಗೆ ಹಾಸನದಲ್ಲೂ ಕೆಲಸ ಇದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನಾನು ಅರಕಲಗೂಡು ಕಡೆಯವನು. ಮುಂಬೈಗೆ ಹೋಗುವವರೆಗೂ ಗೊರೂರಿನ ಹೇಮಾವತಿ ಹಿನ್ನೀರು ಬಿಟ್ಟರೆ ದೊಡ್ಡ ನೀರು ಅಂತ ನೋಡಿದ್ದೇ ಇಲ್ಲ. ಹೋಗಿದ್ದು ಪ್ಯಾಂಟು ಹೊಲಿಯುವ ಕೆಲಸಕ್ಕೆ, ಹೋಗಿ ಬಿದ್ದಿದ್ದು ಹಾಯಿ ರಿಪೇರಿ ಮಾಡುವ ಒಂದು ಲಾಫ್ಟಿನಲ್ಲಿ. ಹಾಯಿ ಹೊಲಿಯುವ ಜಾಗಕ್ಕೆ ಲಾಫ್ಟ್ ಅನ್ನುತ್ತಾರೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ನೆಲ. ಮದುವೆ ಛತ್ರದ ಹಾಲಿನಷ್ಟು ಅಗಲ, ಮರದ ಹಲಗೆ, ಪಾಲಿಶ್, ಚಪ್ಪಲಿ ಹೊರಗೆ. ಹೊಲಿಗೆ ಮೆಷಿನ್ ಮಾತ್ರ ಕಾಣಿಸುವುದಿಲ್ಲ. ಅದು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಇರುತ್ತದೆ. ಹೊಲಿಯುವವನೂ ಗುಂಡಿಯಲ್ಲೇ ಕಾಲಿಳಿಸಿ ಕೂರುತ್ತಾನೆ, ಥೇಟ್ ಗುಂಡಿ ಮಗ್ಗದ ನೇಕಾರನ ಹಾಗೆ. ಮೆಷಿನ್ನಿನ ಮೇಲ್ಭಾಗವೂ ನೆಲವೂ ಒಂದೇ ಮಟ್ಟ. ಮೂವತ್ತು ಅಡಿ ಉದ್ದದ ಬಟ್ಟೆಯನ್ನು ಎತ್ತಿ ಹಿಡಿದು ಹೊಲಿಯಲು ಆಗಲ್ಲ ಅಲ್ವಾ, ಅದು ನೆಲದ ಮೇಲೇ ಜಾರಿಕೊಂಡು ಸೂಜಿಯ ಕೆಳಗೆ ಬರಬೇಕು.

ಇದನ್ನು ಯಾಕೆ ಹೇಳಿದೆ ಅಂದರೆ, ಈ ಕೆಲಸಕ್ಕೆ ಸಮುದ್ರಕ್ಕಿಂತ ಮೊದಲು ಬೇಕಾಗುವುದು ಅಗಲವಾದ ಸಮತಟ್ಟು ನೆಲ. ಅದಕ್ಕೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುವ ಕಾಫಿ ಕಣ ಎಷ್ಟು ಬೇಕು? ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ ಗುರುತಿನ ತೋಟದವರನ್ನು ಕೇಳಿಕೊಳ್ಳಿ. ಸಿಮೆಂಟು ಬಟ್ಟೆಯನ್ನು ಉಜ್ಜುತ್ತದೆ, ಅದಕ್ಕೆ ನಾಲ್ಕು ಪ್ಲೈವುಡ್ ಹಾಳೆ ಹಾಸಿಕೊಳ್ಳಿ.

ಈಗ ಅಸಲಿ ವಿಷಯ. ಟಾರ್ಪಾಲ್ ಚಪ್ಪಟೆಯಾಗಿ ಕೂರಬೇಕು. ಹಾಯಿ ಚಪ್ಪಟೆಯಾಗಿ ಕೂರಬಾರದು. ನೆಲದ ಮೇಲೆ ಹಾಸಿದಾಗ ಎಲ್ಲೂ ಉಬ್ಬದೆ ಸಪಾಟಾಗಿ ಮಲಗುವ ಹಾಯಿ ಇದ್ದರೆ ಅದು ಬಹಳ ಮಟ್ಟಿಗೆ ಕೆಟ್ಟ ಹಾಯಿ. ಹಿಂದಿನಿಂದ ಗಾಳಿ ಬಂದರೆ ಕಂಬಳಿ ಹಿಡಿದರೂ ದೋಣಿ ಓಡುತ್ತದೆ, ಅದು ದೊಡ್ಡ ಮಾತಲ್ಲ. ಗಾಳಿ ಅಡ್ಡಕ್ಕೆ ಅಥವಾ ಓರೆಯಾಗಿ ಎದುರಿನಿಂದ ಬಂದಾಗಲೂ ದೋಣಿ ಮುಂದೆ ಹೋಗಬೇಕಾದರೆ, ಹಾಯಿಗೆ ಹಕ್ಕಿಯ ರೆಕ್ಕೆಯಂಥ ಬಾಗು ಬೇಕು. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಎರಡು ಮೀಟರ್ ಅಗಲ ಇದ್ದರೆ, ನಡುವೆ ಸುಮಾರು 20 ಸೆಂಟಿಮೀಟರ್ ಆಳದ ಹೊಟ್ಟೆ. ಆ ಹೊಟ್ಟೆಯ ಅತಿ ಆಳದ ಜಾಗ ಸರಿಯಾಗಿ ನಡುವೆ ಇರಬಾರದು, ನಡುವಿಗಿಂತ ಒಂದಿಷ್ಟು ಮುಂದೆ ಬರಬೇಕು.

ಚಪ್ಪಟೆ ಬಟ್ಟೆಯಿಂದ ಹೊಟ್ಟೆ ತರುವುದು ಹೇಗೆ? ನಿಮ್ಮ ಪಕ್ಕದ ಲೇಡೀಸ್ ಟೈಲರನ್ನು ಕೇಳಿ. ಬ್ಲೌಸಿಗೆ ಟಕ್ಸ್ ಹಿಡಿಯುತ್ತಾರಲ್ಲ, ಅದೇ ಲೆಕ್ಕ. ಹಾಯಿಯನ್ನು ಒಂದೇ ಬಟ್ಟೆಯಲ್ಲಿ ಕತ್ತರಿಸುವುದಿಲ್ಲ, ಪಟ್ಟಿ ಪಟ್ಟಿಯಾಗಿ ಜೋಡಿಸುತ್ತಾರೆ. ಪ್ರತಿ ಜೋಡಣೆಯಲ್ಲೂ ಒಂದು ಪಟ್ಟಿ ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂರುತ್ತದೆ. ಮುಂದಿನ ಅಂಚಿನ ಕಡೆಗೆ ಬರುತ್ತಾ ಆ ಹತ್ತುವಿಕೆಯನ್ನು ನಿಧಾನಕ್ಕೆ ಅಗಲ ಮಾಡಿದರೆ, ಬಟ್ಟೆ ಮತ್ತೆ ಚಪ್ಪಟೆ ಕೂರಲು ಒಪ್ಪುವುದಿಲ್ಲ. ಇದಕ್ಕೆ ಬ್ರಾಡ್‌ಸೀಮ್ ಅನ್ನುತ್ತಾರೆ. ಇನ್ನೊಂದು ದಾರಿ, ಮುಂದಿನ ಅಂಚನ್ನೇ ಹೊರಕ್ಕೆ ಬಾಗಿಸಿ ಕತ್ತರಿಸುವುದು. ನೆಟ್ಟಗಿರುವ ಕೂವೆಮರಕ್ಕೆ, ಅಂದರೆ ದೋಣಿಯ ಹಾಯಿ ಕಟ್ಟುವ ಕಂಬಕ್ಕೆ, ಆ ಬಾಗಿದ ಅಂಚನ್ನು ಕಟ್ಟಿದಾಗ ಹೆಚ್ಚುವರಿ ಬಟ್ಟೆ ಒಳಕ್ಕೆ ತಳ್ಳಿಕೊಂಡು ಹೊಟ್ಟೆಯಾಗುತ್ತದೆ. ಒಳ್ಳೆಯ ಹಾಯಿಯಲ್ಲಿ ಎರಡೂ ಇರುತ್ತವೆ.

ಓದಿದರೆ ಇದು ತಲೆಗೆ ಹತ್ತಲ್ಲ. ಮಾಡಿ ನೋಡಿ. ದಪ್ಪ ಕೋರಾ ಬಟ್ಟೆಯ ಎರಡು ಪಟ್ಟಿ ತಗೊಳ್ಳಿ, ಒಂದೊಂದೂ ಎರಡು ಮೀಟರ್ ಉದ್ದ. ಉದ್ದದ ಅಂಚಿಗೆ ಅಂಚು ಸೇರಿಸಿ, 15 ಮಿಲಿಮೀಟರ್ ಹತ್ತಿಸಿ ಗೆರೆ ಎಳೆಯಿರಿ. ಒಂದು ತುದಿಯಿಂದ 80 ಸೆಂಟಿಮೀಟರ್ ಒಳಗೆ ಗುರುತು ಹಾಕಿ. ಆ ಗುರುತಿನಿಂದ ತುದಿಯ ಕಡೆಗೆ ಬರುತ್ತಾ 15 ಇದ್ದದ್ದು 30 ಆಗಬೇಕು. ಸ್ಕೇಲ್ ಇಟ್ಟು ಎಳೆಯಬೇಡಿ, ಗುರುತಿನ ಹತ್ತಿರ ಮೂಲೆ ಬೀಳುತ್ತದೆ. ತೆಳ್ಳಗೆ ಸೀಳಿದ ಬಿದಿರಿನ ದಬ್ಬೆಯನ್ನು ಮೊಳೆಗಳ ನಡುವೆ ಬಾಗಿಸಿ ಇಟ್ಟು, ಅದರ ಪಕ್ಕ ಪೆನ್ಸಿಲ್ ಓಡಿಸಿ. ಹೊಲಿದು ಹಾಸಿ. ಆ ತುದಿಯ ಒಳಗೆ ಬಟ್ಟೆ ಮೊರದ ಹಾಗೆ ಎದ್ದು ನಿಲ್ಲುತ್ತದೆ. ಬರೀ ಒಂದೂವರೆ ಸೆಂಟಿಮೀಟರ್ ಕದ್ದಿದ್ದಕ್ಕೆ ಇಷ್ಟು! ನಾನು ಮೊದಲ ಸಲ ಮಾಡಿದಾಗ ಕೈಯಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಲು ನೋಡಿದ್ದೆ, ಆಗಲಿಲ್ಲ.

ಎರಡನೆಯ ಪಾಠ ಹಾಸು ಹೊಕ್ಕಿನದು, ಅಂದರೆ ಬಟ್ಟೆಯ ಉದ್ದದ ಎಳೆ ಮತ್ತು ಅಡ್ಡ ಎಳೆಯದು. ಟಾರ್ಪಾಲಿನಲ್ಲಿ ನಾವು ಇದನ್ನು ಗಮನಿಸುವುದೇ ಇಲ್ಲ. ಒಂದು ಟವೆಲ್ಲನ್ನು ಹಾಸಿನ ದಿಕ್ಕಿಗೆ ಎಳೆಯಿರಿ, ಹಿಗ್ಗಲ್ಲ. ಹೊಕ್ಕಿನ ದಿಕ್ಕಿಗೆ ಎಳೆಯಿರಿ, ಅಷ್ಟೇ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ, ರಬ್ಬರಿನ ಹಾಗೆ ಬರುತ್ತದೆ. ಹಾಯಿಯ ಮೇಲೆ ಗಾಳಿಯ ಜಗ್ಗು ಜಾಸ್ತಿ ಬೀಳುವುದು ಹಿಂದಿನ ಅಂಚಿನ ಉದ್ದಕ್ಕೆ. ಅದಕ್ಕೇ ಸಾಮಾನ್ಯ ಹಾಯಿಯಲ್ಲಿ ಪಟ್ಟಿಗಳನ್ನು ಹಿಂದಿನ ಅಂಚಿಗೆ ಅಡ್ಡಲಾಗಿ ಇಡುತ್ತಾರೆ. ಆಗ ಹೊಕ್ಕಿನ ಎಳೆಗಳು ಆ ಅಂಚಿನ ಜೊತೆಗೇ ಮೇಲಿಂದ ಕೆಳಗೆ ಓಡಿ ಭಾರ ಹೊರುತ್ತವೆ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಸೇರಿದ ಮೊದಲ ವರ್ಷ ಒಂದು ಹಾಯಿಗೆ ಅಂಗೈ ಅಗಲದ ಪ್ಯಾಚ್ ಹಾಕಿದೆ. ಹೊಲಿಗೆ ನೋಡಿದರೆ ಯಾರೂ ಬೆರಳಿಡುವ ಹಾಗಿರಲಿಲ್ಲ. ಆದರೆ ಪ್ಯಾಚಿನ ಎಳೆಗಳನ್ನು ಹಾಯಿಯ ಎಳೆಗಳಿಗೆ ಹೊಂದಿಸದೆ, ಚೂರು ಬಟ್ಟೆ ಹೇಗೆ ಸಿಕ್ಕಿತೋ ಹಾಗೆ ಓರೆಯಾಗಿ ಕತ್ತರಿಸಿ ಕೂರಿಸಿದ್ದೆ. ಹಾಯಿ ಭಾನುವಾರ ನೀರಿಗೆ ಹೋಯಿತು, ಸೋಮವಾರ ವಾಪಸ್ ಬಂತು. ಪ್ಯಾಚಿನ ನಾಲ್ಕೂ ಕಡೆ ಸುಕ್ಕು, ಹೊಕ್ಕಳಿನ ಸುತ್ತ ಬೀಳುತ್ತದಲ್ಲ ಹಾಗೆ. ನಮ್ಮ ಉಸ್ತಾದರು ಬೈಯಲಿಲ್ಲ. ಹೊಲಿಗೆ ಬಿಚ್ಚುವ ಚಾಕು ಕೈಗೆ ಕೊಟ್ಟು, ಚಹಾ ಕುಡಿಯಲು ಹೋದರು. ಆ ವರ್ಷ ಪೂರ್ತಿ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಈಗ ಅನ್ನಿಸುತ್ತದೆ, ಈ ವಿದ್ಯೆ ಒಳಗೆ ಇಳಿದದ್ದು ಹಾಗೇ.

ಹಾಗಾಗಿ ಎಲ್ಲಿಂದ ಶುರು ಮಾಡಲಿ ಅಂದರೆ ನನ್ನ ಉತ್ತರ: ಹೊಸ ಹಾಯಿ ಹೊಲಿಯಲು ಹೋಗಬೇಡಿ. ಹರಿದ ಹಳೇ ಹಾಯಿಯೊಂದನ್ನು ಸಂಪಾದಿಸಿ ಬಿಚ್ಚಿ. ಎಲ್ಲಿ ಸಿಗುತ್ತದೆ? ಹೈದರಾಬಾದಿನ ಹುಸೇನ್ ಸಾಗರ್, ಮುಂಬೈ, ಚೆನ್ನೈಗಳಲ್ಲಿ ಸೇಲಿಂಗ್ ಕ್ಲಬ್‌ಗಳಿವೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿದೋಣಿ ಓಡಿಸುತ್ತಾರೆ. ಕ್ಲಬ್‌ಗಳಲ್ಲಿ ಬಣ್ಣ ಹೋಗಿ ಜೋಲು ಬಿದ್ದ ಹಾಯಿಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಮರ್ಯಾದೆಯಿಂದ ಪತ್ರ ಬರೆದು ಕೇಳಿದರೆ ಕೊಡುವವರು ಸಿಗುತ್ತಾರೆ. ಆಪ್ಟಿಮಿಸ್ಟ್ ಅನ್ನುವ ಮಕ್ಕಳ ದೋಣಿಯ ಹಾಯಿ ಸಿಕ್ಕರೆ ನಿಮ್ಮ ಅದೃಷ್ಟ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನುವವರು ಮಕ್ಕಳಿಗಾಗಿ ಕಡಿಮೆ ಖರ್ಚಿನಲ್ಲಿ ಮಾಡಿದ ಪುಟ್ಟ ಪ್ಲೈವುಡ್ ದೋಣಿ ಅದು. ಈಗ ಪ್ರಪಂಚದಲ್ಲೆಲ್ಲಾ ಮಕ್ಕಳು ಕಲಿಯುವುದು ಅದರಲ್ಲೇ. ಹಾಯಿ ಬರೀ 3.3 ಚದರ ಮೀಟರ್, ಅಂದರೆ ಒಂದು ಡಬಲ್ ಬೆಡ್‌ಶೀಟಿಗಿಂತ ಚಿಕ್ಕದು. ಮೂರು ಮೂಲೆಯ ಬದಲು ನಾಲ್ಕು ಮೂಲೆ. ಅಂಗಡಿಯ ಟೇಬಲ್ಲಿನ ಮೇಲೇ ಬಿಚ್ಚಬಹುದು.

ಸಿಕ್ಕಿದ ಹಾಯಿಯ ಹೊಲಿಗೆಯನ್ನು ಮೊದಲು ಉಗುರಿನಿಂದ ಕೆರೆದು ನೋಡಿ. ದಾರ ಪುಡಿಪುಡಿಯಾಗಿ ಬಂದರೆ ಆಶ್ಚರ್ಯ ಪಡಬೇಡಿ. ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಸಾಯುವುದು ದಾರ. ಗಟ್ಟಿ ಬಟ್ಟೆಯ ಮೇಲೆ ದಾರ ಒಳಗೆ ಹೂತುಕೊಳ್ಳದೆ ಎದ್ದು ನಿಂತಿರುತ್ತದೆ. ಬಿಸಿಲು ತಿನ್ನುವುದೂ ಅದನ್ನೇ, ಹಗ್ಗ ಉಜ್ಜುವುದೂ ಅದನ್ನೇ. ರಿಪೇರಿ ಕೆಲಸದಲ್ಲಿ ಅರ್ಧಕ್ಕರ್ಧ ಇದೇ. ಬಟ್ಟೆ ಚೆನ್ನಾಗಿರುತ್ತದೆ, ಅದೇ ತೂತುಗಳ ಪಕ್ಕ ಮತ್ತೊಂದು ಸಾಲು ಹೊಲಿಗೆ ಓಡಿಸಬೇಕು, ಅಷ್ಟೇ.

ಬಟ್ಟೆಯ ವಿಷಯ ಎರಡು ಮಾತು. ಹಿಂದೆ ಹತ್ತಿ, ಅಗಸೆನಾರು ಇತ್ತು. 1950ರ ದಶಕದಿಂದ ಡೇಕ್ರಾನ್ ಬಂತು. ಹೆಸರು ದೊಡ್ಡದು, ಮೂಲದಲ್ಲಿ ಅದು ನಮ್ಮ ಅಂಗಿಯ ಪಾಲಿಯೆಸ್ಟರೇ. ಆದರೆ ಬಿಗಿಯಾಗಿ ನೇಯ್ದು, ಶಾಖ ಕೊಟ್ಟು ಕುಗ್ಗಿಸಿ, ರಾಳ ತುಂಬಿರುತ್ತಾರೆ. ಹೊಸದನ್ನು ಮುಟ್ಟಿದರೆ ಹೊಸ ನೋಟಿನ ಹಾಗೆ ಕರಕರ ಅನ್ನುತ್ತದೆ. ನೀವು ಟಾರ್ಪಾಲಿಗೆ ಜಿಎಸ್‌ಎಂ ಲೆಕ್ಕ ಹೇಳುತ್ತೀರಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ. ಹಾಯಿಯವರು ಔನ್ಸ್ ಅನ್ನುತ್ತಾರೆ, ಅದೂ ವಿಚಿತ್ರ ಔನ್ಸ್: 36 ಇಂಚು ಉದ್ದ, 28.5 ಇಂಚು ಅಗಲದ ತುಂಡಿನ ತೂಕ. ಒಂದು ಔನ್ಸ್ ಅಂದರೆ ಸುಮಾರು 43 ಜಿಎಸ್‌ಎಂ. ನಾಲ್ಕು ಔನ್ಸಿನ ಬಟ್ಟೆ ಅಂದರೆ 170 ಜಿಎಸ್‌ಎಂ ಅಂತ ಮನಸ್ಸಿನಲ್ಲೇ ಗುಣಿಸಿಕೊಳ್ಳಿ. ಹಿಂದಿನಿಂದ ಗಾಳಿ ಬಂದಾಗ ಮುಂದೆ ಬಲೂನಿನ ಹಾಗೆ ಉಬ್ಬುವ ಬಣ್ಣದ ಹಾಯಿ ಮಾತ್ರ ತೆಳು ನೈಲಾನಿನದು. ಗಾಳಿ ಜಗ್ಗಿದಾಗ ಅದು ಹಿಗ್ಗಿ ತಡೆದುಕೊಳ್ಳುತ್ತದೆ.

ಮೆಷಿನ್. ನಿಮ್ಮಲ್ಲಿ ಇರುವುದು ನೇರ ಹೊಲಿಗೆಯ ಭಾರೀ ಮೆಷಿನ್ ಅಂತ ಅಂದುಕೊಂಡಿದ್ದೇನೆ. ಹಾಯಿಗೆ ಜಿಗ್‌ಜಾಗ್ ಬೇಕು. ನೇರ ಹೊಲಿಗೆ ಹಾಯಿಯಲ್ಲಿ ಎರಡು ತೊಂದರೆ ಮಾಡುತ್ತದೆ. ಬಟ್ಟೆ ಜಗ್ಗಿದಾಗ ದಾರಕ್ಕೆ ಹಿಗ್ಗಲು ಜಾಗ ಇರುವುದಿಲ್ಲ, ಪಟ್ ಅಂತ ಹೋಗುತ್ತದೆ. ಇಲ್ಲವಾದರೆ ಒಂದೇ ಸಾಲಿನಲ್ಲಿ ಬಿದ್ದ ತೂತುಗಳಲ್ಲಿ ಅಂಚೆ ಚೀಟಿಯ ಹಾಗೆ ಬಟ್ಟೆಯೇ ಹರಿಯುತ್ತದೆ. ಕೈಗೆಟುಕುವ ಬೆಲೆಗೆ ಸೆಕೆಂಡ್ ಹ್ಯಾಂಡ್ ಕೈಗಾರಿಕಾ ಜಿಗ್‌ಜಾಗ್ ಮೆಷಿನ್ ಹುಡುಕಿ. ಹೊಲಿಯುವ ಮೊದಲು ಪಟ್ಟಿಗಳನ್ನು ಎರಡೂ ಕಡೆ ಅಂಟಿರುವ ಟೇಪಿನಿಂದ ಕೂಡಿಸಿಕೊಳ್ಳಿ. ಗುಂಡುಪಿನ್ ನಂಬಿದರೆ ಡೇಕ್ರಾನ್ ಜಾರಿ, ಬಿಡಿಸಿದ ಗೆರೆ ಎಲ್ಲೋ, ಹೊಲಿಗೆ ಎಲ್ಲೋ ಆಗುತ್ತದೆ. ಕತ್ತರಿಯ ಬದಲು ಬಿಸಿ ಚಾಕು ಬಳಸಿದರೆ ಅಂಚು ಕರಗಿ ಕೂರುತ್ತದೆ, ಎಳೆ ಬಿಡುವುದಿಲ್ಲ. ದಾರ ಬಾಂಡೆಡ್ ಪಾಲಿಯೆಸ್ಟರ್ ಇರಲಿ. ನೈಲಾನ್ ದಾರ ಗಟ್ಟಿ, ಒಪ್ಪುತ್ತೇನೆ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ.

ಮೆಷಿನ್ ಮುಟ್ಟದ ಕೆಲಸ ಒಂದಿದೆ. ನನಗೆ ಇಷ್ಟವಾದದ್ದೂ ಅದೇ: ಹಗ್ಗ ಕಟ್ಟಲು ಮೂಲೆಯಲ್ಲಿ ಬಳೆ ಕೂರಿಸುವುದು. ಹಾಯಿಯ ಅಷ್ಟೂ ಬಲ ಕೊನೆಗೆ ಬಂದು ನಿಲ್ಲುವುದು ಮೂಲೆಗಳಲ್ಲಿ. ಅಲ್ಲಿ ಮೊದಲು ಬಟ್ಟೆಯ ಮೇಲೆ ಬಟ್ಟೆ, ದೊಡ್ಡದರ ಮೇಲೆ ಚಿಕ್ಕದು, ಪದರ ಪದರವಾಗಿ ಕೂರಿಸಿ ದಪ್ಪ ಮಾಡುತ್ತಾರೆ. ಆಮೇಲೆ ಹಿತ್ತಾಳೆಯ ಬಳೆ ಇಟ್ಟು, ಬಳೆಯ ಒಳ ಸುತ್ತಿಗಿಂತ ಸಣ್ಣ ತೂತು ಕತ್ತರಿಸುತ್ತಾರೆ. ದಾರವನ್ನು ಜೇನುಮೇಣದಲ್ಲಿ ಎರಡು ಸಲ ಎಳೆಯಬೇಕು. ಎಳೆದಾಗ ಮೇಣ ಬೆಚ್ಚಗಾಗಿ ದಾರ ಅಂಟಂಟು ಆಗುತ್ತದೆ, ಗಂಟು ಬೀಳುವುದಿಲ್ಲ, ಹಾಕಿದ ಹೊಲಿಗೆ ಹಿಂದಕ್ಕೆ ಜಾರುವುದಿಲ್ಲ. ಚೀಲ ಹೊಲಿಯುವ ದಬ್ಬಣ ಗೊತ್ತಲ್ಲ? ಹಾಯಿಯ ಸೂಜಿ ಅದರ ತಂಗಿ. ನೆಟ್ಟಗೆ ಇರುತ್ತದೆ, ಮೊನೆಯ ಕಡೆ ಮೂರು ಅಂಚು. ಬಳೆಯ ಹೊರಗಿನಿಂದ ಚುಚ್ಚಿ, ಹಿಂದಿನಿಂದ ತೂತಿನ ಮೂಲಕ ಮೇಲೆ ತಂದು, ಬಿಗಿ. ಮತ್ತೆ ಹೊರಗಿನಿಂದ. ಹೀಗೆ ಸುತ್ತಲೂ, ಎತ್ತಿನ ಗಾಡಿಯ ಗಾಲಿಯ ಅರಗಳ ಹಾಗೆ. ಕೊನೆಗೆ ಒಳಗೆ ಇನ್ನೊಂದು ಹಿತ್ತಾಳೆ ತೊಡುಗೆ ಬಡಿದು ಕೂರಿಸಿದರೆ ಹಗ್ಗ ದಾರವನ್ನು ಉಜ್ಜುವುದಿಲ್ಲ.

ಎಂಟು ಪದರ ಬಟ್ಟೆಗೆ ಸೂಜಿ ನುಗ್ಗಿಸಲು ಬೆರಳಿನ ಬಲ ಸಾಲದು. ಅದಕ್ಕೆ ಪಾಮ್ ಅನ್ನುವ ಚರ್ಮದ ಪಟ್ಟಿ ಇದೆ. ಅಂಗೈಗೆ ತೊಟ್ಟುಕೊಂಡರೆ, ಹೆಬ್ಬೆರಳಿನ ಬುಡದಲ್ಲಿ ಕುಳಿ ಕುಳಿ ಇರುವ ಕಬ್ಬಿಣದ ಬಿಲ್ಲೆ ಬರುತ್ತದೆ. ಸೂಜಿಯ ಹಿಂಭಾಗವನ್ನು ಅದಕ್ಕೆ ಆನಿಸಿ ಇಡೀ ತೋಳಿನಿಂದ ತಳ್ಳಬೇಕು. ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಮಾಡಿಸಿಕೊಳ್ಳಬಹುದು, ಆದರೆ ನಿಮ್ಮ ಕೈ ಅಳತೆಗೇ ಮಾಡಿಸಿ. ಸಡಿಲ ಪಾಮ್ ಹಾಕಿಕೊಂಡು ನಾನು ಸೂಜಿಯನ್ನು ಅಂಗೈಗೇ ಇಳಿಸಿಕೊಂಡಿದ್ದೇನೆ, ಒಂದು ಸಲ ಅಲ್ಲ. ನೀವು ನಾಳೆಯೇ ಶುರು ಮಾಡಬಹುದಾದ ಅಭ್ಯಾಸ ಇದು. ಅಂಗಡಿಯಲ್ಲಿ ಚೂರು ಕ್ಯಾನ್ವಾಸಿಗೆ ಬರವೇ? ದಿನಕ್ಕೆ ಒಂದು ಬಳೆ. ಇಪ್ಪತ್ತನೆಯದು ನೋಡುವ ಹಾಗಿರುತ್ತದೆ. ಹರಿದ ಸೀಳಿಗೆ ಹಾಕುವ ಮೀನಿನ ಮುಳ್ಳಿನಂಥ ಹೊಲಿಗೆಯನ್ನೂ ಇದರ ಜೊತೆ ಕಲಿಯಿರಿ. ಅದು ಎರಡು ಅಂಚನ್ನು ಒಂದರ ಮೇಲೊಂದು ಹತ್ತಿಸದೆ ಪಕ್ಕಪಕ್ಕಕ್ಕೆ ಎಳೆದು ತರುತ್ತದೆ.

ಕೋರ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಟಿಐಗಳಲ್ಲಿ ಸ್ಯೂಯಿಂಗ್ ಟೆಕ್ನಾಲಜಿ ಅಂತ ಒಂದು ವರ್ಷದ್ದಿದೆ. ಅದು ಉಡುಪಿನ ಹೊಲಿಗೆ, ಆದರೂ ಡ್ರಾಫ್ಟಿಂಗ್ ಕಲಿಯಲು ಕೆಟ್ಟದಲ್ಲ. ನಿಮಗೆ ಡಿಪ್ಲೊಮಾ ಇರುವುದರಿಂದ ಕಂಪ್ಯೂಟರಿನ ಭಯ ಇರಲಾರದು. ಈಗ ದೊಡ್ಡ ಕಂಪನಿಗಳು ಆಕಾರವನ್ನು ಕಂಪ್ಯೂಟರಿನಲ್ಲೇ ಬಿಡಿಸಿ ಯಂತ್ರದಿಂದ ಕತ್ತರಿಸುತ್ತವೆ. ನಾರ್ತ್ ಸೇಲ್ಸ್‌ನವರು ರೇಸಿನ ಹಾಯಿಗಳನ್ನು ಅಚ್ಚಿನ ಮೇಲೆ, ಪಟ್ಟಿ ಜೋಡಿಸುವ ಹೊಲಿಗೆಯೇ ಇಲ್ಲದೆ ಮಾಡುತ್ತಾರೆ. ಅವರ ದೊಡ್ಡ ಕಾರ್ಖಾನೆ ಇರುವುದು ಇಲ್ಲೇ ಪಕ್ಕದ ಶ್ರೀಲಂಕಾದಲ್ಲಿ. ಸೇಲ್‌ಕಟ್ ಕ್ಯಾಡ್ ಅಂತ ಪುಕ್ಕಟೆ ಸಿಗುವ ಪ್ರೋಗ್ರಾಂ ಇದೆ. ಅಳತೆ ಕೊಟ್ಟರೆ ಪಟ್ಟಿ ಪಟ್ಟಿಯಾಗಿ ಬಿಡಿಸಿ ಕೊಡುತ್ತದೆ. ಆದರೆ ಕೋರಾ ಬಟ್ಟೆಯ ಆ ಅಭ್ಯಾಸ ಮಾಡದೆ ಅದನ್ನು ತೆರೆಯಬೇಡಿ. ಅದು ತೋರಿಸುವ ಗೆರೆ ಯಾಕೆ ಬಾಗಿದೆ ಅಂತ ಗೊತ್ತಾಗುವುದಿಲ್ಲ, ಸುಮ್ನೆ ನಕಲು ಆಗುತ್ತದೆ.

ನೀವು ನೋಡಿದ ಕೌಂಡಿನ್ಯ ಬೇರೆಯೇ ಜಾತಿ. ಅಜಂತಾ ಚಿತ್ರದಲ್ಲಿರುವ 5ನೇ ಶತಮಾನದ ಹಡಗನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ್ದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿ ಚೌಕದ್ದು, ಹಿಂದಿನ ಗಾಳಿಗೆ ಹೇಳಿ ಮಾಡಿಸಿದ್ದು. ಅದರ ಮೇಲೆ ನಮ್ಮ ಗಂಡಭೇರುಂಡ ಇದೆ, ಗಮನಿಸಿದಿರಾ? ಅಂಥ ಕೆಲಸ ಹತ್ತು ವರ್ಷಕ್ಕೊಂದು ಬಂದರೆ ಹೆಚ್ಚು. ಅದನ್ನು ಕನಸಿಗೆ ಇಟ್ಟುಕೊಳ್ಳಿ, ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಲೆಕ್ಕಕ್ಕೆ ಬರುವುದು ಇದು. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಸುತ್ತ ಹೋಂಸ್ಟೇ, ರೆಸಾರ್ಟ್ ಎಷ್ಟಾಗಿವೆ ನೋಡಿ. ಅವರಿಗೆಲ್ಲಾ ಅಂಗಳಕ್ಕೆ ನೆರಳು ಬೇಕು, ಮೂರು ಮೂಲೆಯ ಶೇಡ್ ಸೇಲ್ ಬೇಕು, ಟೆಂಟ್ ಬೇಕು. ಕಟ್ಟಿದ ಶೇಡ್ ಸೇಲುಗಳಲ್ಲಿ ಬಹಳಷ್ಟು ಜೋಲು ಬಿದ್ದು, ಮೊದಲ ಮಳೆಗೆ ನಡುವೆ ನೀರು ನಿಂತು, ಕಂಬವನ್ನೇ ಬಗ್ಗಿಸಿರುತ್ತವೆ. ಕಾರಣ ಒಂದೇ: ಅಂಚನ್ನು ನೇರ ಕತ್ತರಿಸಿರುತ್ತಾರೆ. ಅಲ್ಲಿ ಹಾಯಿಯ ಪಾಠವನ್ನು ತಿರುಗಿಸಿ ಹಾಕಬೇಕು. ಹಾಯಿಯ ಮುಂದಿನ ಅಂಚು ಹೊರಕ್ಕೆ ಬಾಗಿದರೆ, ಇದರ ಅಂಚು ಒಳಕ್ಕೆ ಬಾಗಬೇಕು. 10 ಅಡಿಯ ಅಂಚಿಗೆ ಅರ್ಧ ಅಡಿಯಿಂದ ಒಂದು ಅಡಿ ಒಳಬಾಗು ಕೊಟ್ಟು, ಅಂಚಿನೊಳಗೆ ಗಟ್ಟಿ ಪಟ್ಟಿ ಹೊಲಿದು, ಮೂಲೆಗಳನ್ನು ಎಳೆದರೆ ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ. ಒಂದು ಮೂಲೆ ಮೇಲೆ, ಒಂದು ಕೆಳಗೆ ಇಟ್ಟರೆ ನೀರು ನಿಲ್ಲುವುದಿಲ್ಲ. ನಾನು ಊರಿಗೆ ಬಂದ ಮೇಲೆ ಮನೆ ನಡೆದಿರುವುದು ಬಹಳ ಮಟ್ಟಿಗೆ ಇದರಿಂದಲೇ. ಹಾಯಿ ರಿಪೇರಿ ವರ್ಷಕ್ಕೆ ನಾಲ್ಕೈದು ಪಾರ್ಸಲ್ ಬಸ್ಸಿನಲ್ಲಿ ಬರುತ್ತವೆ. ಅವು ಬಂದ ದಿನ ಮಾತ್ರ ಬೇರೆ ಕೆಲಸ ಮುಟ್ಟುವುದಿಲ್ಲ.

ಎಷ್ಟು ದಿನ ಬೇಕು? ನಿಮ್ಮ ಕೈಗೆ ಈಗಾಗಲೇ ಅಭ್ಯಾಸ ಇರುವುದರಿಂದ ಹೊಲಿಗೆ ಆರು ತಿಂಗಳು. ಆಕಾರ ಕಣ್ಣಿಗೆ ಹತ್ತಲು ಮೂರ್ನಾಲ್ಕು ವರ್ಷ. ನಡುವೆ ಒಂದು ಸಲವಾದರೂ ಹಾಯಿದೋಣಿಯಲ್ಲಿ ಕೂತು ಬನ್ನಿ. ಹೈದರಾಬಾದ್, ಚೆನ್ನೈ ಕಡೆ ಕಲಿಕೆಯ ಶಿಬಿರಗಳಿರುತ್ತವೆ. ಹೊಲಿದದ್ದನ್ನು ನೋಡಲು ನೀರೇ ಬೇಕಂತಿಲ್ಲ. ಬಯಲಿನಲ್ಲಿ ಬಿದಿರು ಗಳ ನೆಟ್ಟು ಹಾಯಿ ಕಟ್ಟಿ, ಕೆಳಗೆ ಮಲಗಿಕೊಂಡು ಮೇಲೆ ನೋಡಿ. ಹೊಟ್ಟೆ ಎಲ್ಲಿದೆ, ಸುಕ್ಕು ಯಾವ ಮೂಲೆಯಿಂದ ಹೊರಟಿದೆ ಎಲ್ಲಾ ಕಾಣುತ್ತದೆ. ಹುಮ್ಮಸ್ಸಿನಲ್ಲಿ ಗೊರೂರಿನ ಹಿನ್ನೀರಿಗೋ ಯಗಚಿಗೋ ದೋಣಿ ಇಳಿಸಬೇಡಿ. ಅಣೆಕಟ್ಟೆಯ ನೀರಿಗೆ ಇಲಾಖೆಯ ಅನುಮತಿ ಬೇಕು, ಲೈಫ್ ಜಾಕೆಟ್ ಬೇಕು, ಗೊತ್ತಿರುವವರು ಜೊತೆಗೆ ಬೇಕು.

ಆ ಹಳೇ ಹಾಯಿ ಸಿಕ್ಕ ದಿನ ಬಿಚ್ಚುವ ಮುಂಚೆ ಎರಡೂ ಕಡೆಯ ಫೋಟೋ ತೆಗೆಯಿರಿ. ಪ್ರತಿ ಪಟ್ಟಿಗೂ ನಂಬರ್ ಹಾಕಿ, ಪ್ರತಿ ಜೋಡಣೆಯಲ್ಲಿ ಎಷ್ಟೆಷ್ಟು ದೂರಕ್ಕೆ ಎಷ್ಟು ಮಿಲಿಮೀಟರ್ ಹತ್ತಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಟ್ಟೆಯ ಮೇಲೆ ಬರೆಯುವುದು ಪೆನ್ಸಿಲ್ಲಿನಲ್ಲೇ ಇರಲಿ. ಬಾಲ್‌ಪೆನ್ನಿನ ಗುರುತು ಡೇಕ್ರಾನಿನಿಂದ ಹೋಗುವುದಿಲ್ಲ. ಮತ್ತೆ ಹೊಲಿದು ಕೂಡಿಸಿದಾಗ ಯಾರೋ ಒಬ್ಬರು ಅದನ್ನು ದೋಣಿಗೆ ಕಟ್ಟಲೂಬಹುದು.